ಮೀನುಸಾರಿಗೆ ಕೆಂಪು ಬಂದ ಬಗೆ

ಕಾರವಾರದಿಂದ ಅಂಕೋಲೆಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ತೋಡೂರು ಸಿಗುತ್ತದೆ. ಮಧ್ಯಾಹ್ನದ ಹೊತ್ತು ಅಲ್ಲಿ ಮೀನು ತಿನ್ನುವವರ ಯಾವ ಮನೆಯ ಮುಂದೆ ನಿಂತರೂ ಪರಿಮಳ ಒಂದೇ: ತೆಂಗಿನಕಾಯಿಯೊಡನೆ ನುಣ್ಣಗೆ ಅರೆದ ಒಣಮೆಣಸಿನಕಾಯಿ, ಹುಳಿ, ಬಂಗಡೆ. ಇದು ಅನಾದಿಯಿಂದ ಬಂದ ಅಡಿಗೆಯೆಂದು ಯಾರಾದರೂ ಹೇಳಿದರೆ ನಾವು ತಲೆದೂಗುತ್ತೇವೆ. ಆದರೆ ಇಪ್ಪತ್ತು ತಲೆಮಾರು ಹಿಂದಕ್ಕೆ ಹೋಗಿ ಆ ಗಡಿಗೆಯ ಮುಚ್ಚಳ ತೆಗೆದರೆ ಮೀನಿದೆ, ತೆಂಗಿದೆ, ಹುಳಿಯಿದೆ. ಕೆಂಪು ಮಾತ್ರ ಇಲ್ಲ!

ಮೆಣಸಿನಕಾಯಿಯ ತವರು ಅಮೇರಿಕ. 1492ರಲ್ಲಿ ಕೊಲಂಬಸನು ಆ ದಿಕ್ಕಿಗೆ ಹಾಯಿ ಬಿಡುವ ತನಕ ನಮ್ಮಲ್ಲಿ ಅದನ್ನು ಕಂಡವರೇ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಬರೆದ 'ಮಾನಸೋಲ್ಲಾಸ'ದಲ್ಲಿ ಮೀನಡಿಗೆಯ ವಿವರವಿದೆ. ಅಲ್ಲಿ ಖಾರಕ್ಕೆ ಕರಿಮೆಣಸು. 1508ರ ಸುಮಾರಿಗೆ ಮೂರನೆಯ ಮಂಗರಸನು ರಚಿಸಿದ 'ಸೂಪಶಾಸ್ತ್ರ'ದಲ್ಲಿಯೂ ಮೆಣಸಿನಕಾಯಿಯಿಲ್ಲ. ಪೋರ್ತುಗೀಜರು ಗೋವೆಯನ್ನು ಹಿಡಿದದ್ದು ಅದರ ಎರಡು ವರ್ಷಗಳ ಮೇಲೆ, 1510ರಲ್ಲಿ. ಗೋವೆ ಕಾರವಾರಕ್ಕೆ ನೆರೆಮನೆ.

ಇಲ್ಲಿಯೇ ಇರುವುದು ತಮಾಷೆ. ಅವರು ಸಮುದ್ರ ಸುತ್ತಿ ಬಂದದ್ದು ನಮ್ಮ ಕರಿಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ'ಯೆಂದೇ ಕರೆದರು. 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದ ಇಂಗ್ಲಿಷರ ಕಣ್ಣೂ ಅದರ ಮೇಲೆಯೇ. ಮೆಣಸನ್ನು ಒಯ್ಯಲು ಬಂದ ಹಡಗುಗಳೇ ಮೆಣಸಿನ ಸವತಿಯನ್ನೂ ಇಳಿಸಿಹೋದವು.

ಹೊಸಬಳಿಗೆ ಹೆಸರಿಡುವುದರಲ್ಲಿ ನಮ್ಮವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಖಾರದಲ್ಲಿ ಮೆಣಸಿನಂತೆ, ನೋಡಲು ಕಾಯಿ, ಆದ್ದರಿಂದ ಮೆಣಸಿನಕಾಯಿ. ಕೊಂಕಣಿಯವರೂ ಹಾಗೆಯೇ ಮಾಡಿದರು: 'ಮಿರಿ' ಎಂದರೆ ಮೆಣಸು, 'ಸಾಂಗ' ಎಂದರೆ ಕೋಡು, ಎರಡೂ ಕೂಡಿ 'ಮಿರ್ಸಾಂಗ'. ಮುಂದೆ ಮನೆಯ ಹಿರಿಯಳ ಪಾಡೇ ಕೆಟ್ಟಿತು. ಕರಾವಳಿಯ ಕೆಲವು ಕಡೆ ಬರಿಯ 'ಮೆಣಸು' ಎಂದರೆ ಈಗ ಕೆಂಪಿನದೇ. ಹಳೆಯದನ್ನು ಕೇಳಬೇಕಾದರೆ 'ಕರಿಮೆಣಸು', 'ಕಾಳುಮೆಣಸು', 'ಒಳ್ಳೆಮೆಣಸು' ಎಂದು ಬಿಡಿಸಿ ಹೇಳಬೇಕು.

ಗೆದ್ದದ್ದು ರುಚಿಯಿಂದ ಮಾತ್ರವೆಂದು ನನಗೆ ತೋರುವುದಿಲ್ಲ. ಕರಿಮೆಣಸಿನ ಬಳ್ಳಿಗೆ ಹಬ್ಬಲು ಮರ ಬೇಕು, ನೆರಳು ಬೇಕು, ಘಟ್ಟದ ತೇವ ಬೇಕು; ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಬಂದ ಫಸಲಿನ ಮೇಲೆ ಅರಸರದೂ ವರ್ತಕರದೂ ದೃಷ್ಟಿ. ಮೆಣಸಿನಕಾಯಿಯಾದರೋ ಹಿತ್ತಿಲ ಮೂಲೆಯಲ್ಲಿ ಕೆಲವೇ ತಿಂಗಳಿಗೆ ಕಾಯಿ ಬಿಡುವ ಗಿಡ. ಒಣಗಿಸಿಟ್ಟರೆ ಮಳೆಗಾಲಕ್ಕೂ ಆಯಿತು. ಗಂಜಿಯುಣ್ಣುವವನಿಗೆ ಕಾಸಿಲ್ಲದೆ ಖಾರ ಸಿಕ್ಕಿತು. ಅರಮನೆಯ ಬಾಣಸಿಗನಿಗಿಂತ ಮೊದಲು ಬಡವನ ಒರಳು ಅದನ್ನು ಒಪ್ಪಿಕೊಂಡಿದ್ದರೆ ಆಶ್ಚರ್ಯವೇನು?

ಹಳೆಯ ಖಾರ ಪೂರ್ತಿ ಅಳಿಯಲಿಲ್ಲ. ಬಂಗಡೆಯ ಸಾರಿನಲ್ಲಿ ತೇಲುವ, ಕಚ್ಚಿದರೆ ನಾಲಿಗೆ ಜುಮ್ಮೆನ್ನಿಸುವ ತಿರ್ಫಳ ಇಲ್ಲಿಯದೇ. ಘಟ್ಟದ ಮುಳ್ಳುಮರದ ಕಾಯಿ. ಬಾಣಂತಿಯ ಸಾರಿಗೆ ಇಂದಿಗೂ ಕಾಳುಮೆಣಸೇ. ಇನ್ನು ಆಚಾರವಂತರ ಅನೇಕ ಮನೆಗಳಲ್ಲಿ ಶ್ರಾದ್ಧದ ದಿನ ಮೆಣಸಿನಕಾಯಿ, ಬಟಾಟೆಗಳಿಗೆ ಅಡಿಗೆಮನೆಗೆ ಪ್ರವೇಶವಿಲ್ಲ. ಕಾರಣ ಕೇಳಿದರೆ 'ನಿಷಿದ್ಧ' ಎಂದಷ್ಟೇ ಉತ್ತರ. ಬಟಾಟೆಯೂ ಅದೇ ಅಮೇರಿಕದ್ದು, ಬಂದದ್ದೂ ಆಮೇಲೆಯೇ. ಆ ಒಂದು ದಿನ ಪಿತೃಗಳಿಗೆ ಅವರಿಗೆ ಗೊತ್ತಿದ್ದ ಕರಿಮೆಣಸಿನ ಅಡಿಗೆಯೇ ಎಲೆಗೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಒಣಮೆಣಸಿನಕಾಯಿಯ ಡಬ್ಬಿ ಮತ್ತೆ ಕೆಳಗಿಳಿಯುತ್ತದೆ.