ಶೆಲ್ ಸ್ಕ್ರಿಪ್ಟಿನ ವೇಗ: ಊರ ಹೆಸರುಗಳ ಸಂಸ್ಕರಣೆಯಲ್ಲಿ ಬಿಲ್ಟ್‌ಇನ್‌ಗಳ ಪಾತ್ರ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಜಿಲ್ಲೆಯ ಹನುಮಂತನಪಟ್ಟಿ, ಆಂಡಿಪಟ್ಟಿಯಂಥ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕಡತಕ್ಕಿಳಿಸಿ, ಕೊನೆಯ ‘ಪಟ್ಟಿ’ಯನ್ನು ಬಿಡಿಸಿ ಪೂರ್ವಪದಗಳನ್ನು ವಿಂಗಡಿಸಬೇಕೆಂದುಕೊಳ್ಳೋಣ. ಸ್ಥಳನಾಮ ಅಧ್ಯಯನದ ಈ ಮೊದಲ ಹೆಜ್ಜೆಗೆ ಶೆಲ್ ಸ್ಕ್ರಿಪ್ಟ್ ಸಾಕು. ಅದರ ವೇಗವನ್ನು ನಿರ್ಧರಿಸುವುದು ಬಹುಮಟ್ಟಿಗೆ ಪ್ರೊಸೆಸ್‌ಗಳ ಸೃಷ್ಟಿ ಎಂಬುದು ಈ ಲೇಖನದ ವಾದ.

ಶೆಲ್ ಹೊರಗಿನ ಆಜ್ಞೆಯೊಂದನ್ನು ಕರೆದಾಗ ಫೋರ್ಕ್ ಮೂಲಕ ತನ್ನ ಪ್ರತಿಯನ್ನು ಸೃಷ್ಟಿಸುತ್ತದೆ, ಆ ಪ್ರತಿ ಎಕ್ಸೆಕ್ ಮೂಲಕ ಹೊಸ ಪ್ರೋಗ್ರಾಮನ್ನು ತುಂಬಿಕೊಳ್ಳುತ್ತದೆ, ಲೈಬ್ರರಿಗಳು ಜೋಡಣೆಯಾಗುತ್ತವೆ, ಕೆಲಸ ಮುಗಿಯುವವರೆಗೆ ಶೆಲ್ ಕಾಯುತ್ತದೆ. ಲೂಪಿನೊಳಗೆ ಹೆಸರಿಗೊಂದು ಸಲ ಪಠ್ಯ ತಿದ್ದುವ ಸೆಡ್ ಆಜ್ಞೆಯನ್ನು ಕರೆದರೆ, ಸಾವಿರ ಹೆಸರುಗಳಿಗೆ ಸಾವಿರ ಸಲ ಇದೇ ಸಿದ್ಧತೆ ನಡೆಯಬೇಕು. ‘ಪಟ್ಟಿ’ಯ ಎರಡಕ್ಷರ ಕತ್ತರಿಸುವ ಕೆಲಸ ಅದರ ಮುಂದೆ ತೀರ ಸಣ್ಣದು.

ಪೋಸಿಕ್ಸ್ ಶೆಲ್‌ನಲ್ಲಿ ಇದಕ್ಕೆ ಪ್ಯಾರಾಮೀಟರ್ ವಿಸ್ತರಣೆಯಿದೆ. ಡಾಲರ್ ಗುರುತಿನ ನಂತರದ ಪುಷ್ಪಾವರಣದಲ್ಲಿ ಚರದ ಹೆಸರು, ಶೇಕಡಾ ಗುರುತು, ‘ಪಟ್ಟಿ’ ಎಂದು ಬರೆದರೆ ‘ಹನುಮಂತನ’ ಉಳಿಯುತ್ತದೆ. ಹೊಸ ಪ್ರೊಸೆಸ್ ಒಂದೂ ಹುಟ್ಟುವುದಿಲ್ಲ.

ಉದ್ದ ಎಣಿಸುವಾಗ ಮಾತ್ರ ಎಚ್ಚರ ಬೇಕು. ‘ಹನುಮಂತನಪಟ್ಟಿ’ಯಲ್ಲಿ ಯೂನಿಕೋಡ್ ಸಂಕೇತಗಳು 12, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ನಂತೆ ಒಟ್ಟು 36. ಯುಟಿಎಫ್-8 ಲೊಕೇಲ್‌ನಲ್ಲಿ (ಭಾಷೆ-ಸಂಕೇತಗಳ ಹೊಂದಿಕೆಯಲ್ಲಿ) ಬ್ಯಾಶ್ ಎಂಬ ಶೆಲ್ ಈ ಉದ್ದವನ್ನು 12 ಎನ್ನುತ್ತದೆ. ಸಿ ಲೊಕೇಲ್‌ನಲ್ಲಿ ಅದೇ ಬ್ಯಾಶ್ 36 ಎನ್ನುತ್ತದೆ. ವೇಗಕ್ಕೆಂದು ಲೊಕೇಲ್ ಬದಲಿಸುವವರು ಇದನ್ನು ಮರೆಯಬಾರದು. ಕೊನೆಯ ‘ಪಟ್ಟಿ’ ತೆಗೆಯುವ ಕ್ರಿಯೆ ಬೈಟ್‌ಗಳನ್ನೇ ಹೋಲಿಸಿದರೂ ಸರಿಯಾದ ಫಲ ಕೊಡುತ್ತದೆ.

ವಿಸ್ತರಣೆಯಂತೆ ಶೆಲ್‌ನೊಳಗೇ ನಡೆಯುವ ಆಜ್ಞೆಗಳು ಬಿಲ್ಟ್‌ಇನ್‌ಗಳು. ಆದರೆ ಬಿಲ್ಟ್‌ಇನ್ ಬಳಸಿದ ಮಾತ್ರಕ್ಕೆ ಫೋರ್ಕ್ ತಪ್ಪುತ್ತದೆಂದಲ್ಲ. ಡಾಲರ್ ಮತ್ತು ದುಂಡು ಆವರಣದ ಕಮಾಂಡ್ ಬದಲಿಕೆಯಲ್ಲಿ ಪ್ರಿಂಟ್‌ಎಫ್ ಬರೆದರೂ ಬ್ಯಾಶ್ ಸಬ್‌ಶೆಲ್ ಸೃಷ್ಟಿಸುತ್ತದೆ. ಪ್ರಿಂಟ್‌ಎಫ್‌ನ ‘ವಿ’ ಆಯ್ಕೆ ಫಲವನ್ನು ನೇರವಾಗಿ ಚರಕ್ಕೆ ಸೇರಿಸಿ ಈ ವೆಚ್ಚ ಉಳಿಸುತ್ತದೆ. 2025ರ ಬ್ಯಾಶ್ 5.3 ಆವೃತ್ತಿಯಂತೂ ಫೋರ್ಕ್ ಇಲ್ಲದ ಕಮಾಂಡ್ ಬದಲಿಕೆಯನ್ನೇ ತಂದಿದೆ.

ಇನ್ನೊಂದು ಮಿತಿಯೂ ಇದೆ. ಪೈಪ್‌ನಿಂದ ಓದುವಾಗ ರೀಡ್ ಎಂಬ ಬಿಲ್ಟ್‌ಇನ್ ಸಾಲಿನಾಚೆ ಹೋಗದಂತೆ ಒಂದೊಂದೇ ಬೈಟ್ ಓದುತ್ತದೆ. ಹಾಗಾಗಿ ಲಕ್ಷಾಂತರ ಸಾಲುಗಳ ಕಡತವನ್ನು ಶೆಲ್ ಲೂಪಿಗಿಂತ ಒಂದೇ ಸಲ ಕರೆದ ಆಕ್ ಎಂಬ ಹೊರಗಿನ ಆಜ್ಞೆ ಬೇಗ ಮುಗಿಸುತ್ತದೆ. ಒಮ್ಮೆ ತೆತ್ತ ಆರಂಭದ ವೆಚ್ಚ ಎಲ್ಲ ಸಾಲುಗಳಿಗೂ ಹಂಚಿಹೋಗುತ್ತದೆ.

ಆದ್ದರಿಂದ ನಿಯಮವನ್ನು ಹೀಗೆ ಹೇಳಬಹುದು: ಲೂಪಿನೊಳಗಿನ ಸಣ್ಣ ಕೆಲಸಕ್ಕೆ ವಿಸ್ತರಣೆ ಅಥವಾ ಬಿಲ್ಟ್‌ಇನ್, ಇಡೀ ಕಡತಕ್ಕೆ ಒಂದೇ ಹೊರಗಿನ ಆಜ್ಞೆ. ಲಿನಕ್ಸ್‌ನಲ್ಲಿ ಎಸ್‌ಟ್ರೇಸ್ ಎಂಬ ಸಾಧನ ಬಳಸಿ ಪ್ರೊಸೆಸ್ ಸೃಷ್ಟಿಯ ಕರೆಗಳನ್ನು ಎಣಿಸಿದರೆ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಹಳೆಯ ಕಂಪ್ಯೂಟರಿನಲ್ಲೇ ಕನ್ನಡ ಪಠ್ಯಕೋಶ ಕಟ್ಟಹೊರಟವರಿಗೆ ಈ ಎಣಿಕೆ ಹೊಸ ಯಂತ್ರದ ಖರ್ಚನ್ನೇ ಉಳಿಸಬಲ್ಲದು.