ಹೆಬ್ಬೆಟ್ಟು ಮತ್ತು ಕೀಲಿಮಣೆ

ಕಾಫಿ ಸೀಮೆಯಲ್ಲಿ ನಮ್ಮ ಜನ ಮೊಟ್ಟಮೊದಲು ಕಂಡ ಪುಸ್ತಕ ಪಠ್ಯಪುಸ್ತಕವಲ್ಲ, ತೋಟದ ಚೆಕ್‌ರೋಲು. ಬೆಳಗ್ಗೆ ಗಂಟೆ ಹೊಡೆದ ಕೂಡಲೆ ಗೊರಬು, ಕಂಬಳಿ ಹೊದ್ದು ಸಾಲಾಗಿ ನಿಂತ ಆಳುಗಳ ಹೆಸರನ್ನು ರೈಟರು ಕೂಗುತ್ತಿದ್ದ. ಬಂದವರ ಹೆಸರಿನ ಮುಂದೆ ಒಂದು ಗೀಟು, ಬಾರದವರ ಮುಂದೆ ಸೊನ್ನೆ. ಬಟವಾಡೆಯ ದಿನ ಅದೇ ಪುಸ್ತಕದ ಮೇಲೆ ಹೆಬ್ಬೆಟ್ಟು. ಮುಂಗಡ ಎಷ್ಟು, ಅಂಗಡಿ ಸಾಲ ಎಷ್ಟು, ಮುರಿದುಕೊಂಡದ್ದು ಎಷ್ಟು, ಎಲ್ಲ ಅದರೊಳಗೇ ಇತ್ತು. ಓದಲು ಬಾರದವರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಬರೆದವನದೇ ಲೆಕ್ಕ, ಬರೆದವನದೇ ನ್ಯಾಯ.

ಇವತ್ತು ಆ ಲೈನು ಮನೆಗಳಿಂದ ಬಂದ ಹುಡುಗ ಹುಡುಗಿಯರು ಶಿಕ್ಷಕ ತರಬೇತಿಯ ಕೋಣೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಇದನ್ನು ಕೆಲಸಕ್ಕೆ ಬೇಕಾದ ಒಂದು ಕಸುಬು ಅಂತಷ್ಟೇ ನೋಡುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಊರಿಗೆ ಉಪಕರಣ ಬಂತು ಅನ್ನುವುದು ಅರ್ಧ ಚರಿತ್ರೆ. ಅದನ್ನು ಹಿಡಿದ ಕೈ ಯಾರದು, ಅದು ಬರೆಯುವ ಲೆಕ್ಕ ಯಾರದು ಅನ್ನುವುದು ಉಳಿದರ್ಧ. ಆ ಉಳಿದರ್ಧವನ್ನು ಹೇಳಬೇಕಾಗಿದೆ.

ಮಲೆನಾಡಿನಲ್ಲಿ ಹೊಲೆಯರನ್ನು ಹುಟ್ಟಾಳು, ಮಣ್ಣಾಳು ಎಂದು ಕರೆಯುತ್ತಿದ್ದ ಕಾಲವಿತ್ತು. ಒಬ್ಬ ಒಡೆಯನ ಮನೆಯಲ್ಲೇ ಹುಟ್ಟಿದ ಆಳು, ಇನ್ನೊಬ್ಬ ಮಣ್ಣಿಗೆ ಅಂಟಿದ ಆಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ದೊರೆಗಳ ತೋಟಗಳು ಬಂದಾಗ ಈ ಆಳುಗಳ ಜೊತೆಗೆ ಘಟ್ಟದ ಕೆಳಗಿನ ತುಳು ಜನ, ತಮಿಳು ಜನ ಮೇಸ್ತ್ರಿಗಳ ಮುಂಗಡ ಹಿಡಿದು ಗುಡ್ಡ ಹತ್ತಿದರು. ಅದೇ ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಂತ ಜಾತಿಯಿಂದಲೇ ಬಹಿಷ್ಕಾರ ಉಂಡರು. ಮೈಸೂರು ಸರ್ಕಾರ ಸರ್ಕಾರಿ ಶಾಲೆಗಳ ಬಾಗಿಲು ಪಂಚಮರಿಗೂ ತೆರೆದಿರಬೇಕೆಂದು ಆದೇಶಿಸಿದ್ದು 1915ರಲ್ಲಿ. ಆದೇಶ ಮೈಸೂರಿನಿಂದ ಹೊರಟು ಗುಡ್ಡದ ಲೈನಿಗೆ ಬಂದು ಮುಟ್ಟಲು ಎಷ್ಟು ಕಾಲ ಬೇಕಾಯಿತು ಅನ್ನುವುದನ್ನು ನಮ್ಮ ಅಜ್ಜಿಯರ ಹೆಬ್ಬೆಟ್ಟೇ ಹೇಳುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ನೆಲೆಯೂರಿತು. ಗಿಡದ ಎಲೆಗೆ ಬರುವ ತುಕ್ಕು ರೋಗಕ್ಕೆ ವಿಜ್ಞಾನಿಗಳು ಬಂದರು. ಒಳ್ಳೆಯದೇ. ಗಿಡದ ಬುಡದಲ್ಲಿ ಕೂತ ಕೂಸಿಗೆ ಒಬ್ಬ ಮೇಷ್ಟ್ರು ಬರುವುದು ಮಾತ್ರ ತಡವಾಯಿತು.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಅದರಲ್ಲಿ ಶಿಕ್ಷಣಕ್ಕೂ ಒಂದು ಕಲಮು ಇತ್ತು. ತೋಟದಲ್ಲಿ ಕೆಲಸಗಾರರ 6ರಿಂದ 12 ವರ್ಷದೊಳಗಿನ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕ ಓದಿನ ಸೌಕರ್ಯ ಒದಗಿಸಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದು. ಇಪ್ಪತ್ತೈದು! ಇಪ್ಪತ್ನಾಲ್ಕು ಮಕ್ಕಳಿದ್ದರೆ? ಅದರ ಮೇಲೆ ಆ ಕಾಯ್ದೆ ಮೊದಲು ಅನ್ವಯವಾಗುತ್ತಿದ್ದದ್ದೇ 25 ಎಕರೆ ಜಮೀನು, 30 ಆಳು ಇದ್ದ ತೋಟಗಳಿಗೆ. 1981ರಲ್ಲಿ ಅದನ್ನು 5 ಹೆಕ್ಟೇರು, 15 ಆಳಿಗೆ ಇಳಿಸಿದರು. ನಮ್ಮ ಕಡೆ ಬಹುಪಾಲು ಹಿಡುವಳಿಗಳು ಸಣ್ಣವು. ಎಷ್ಟೋ ಮಕ್ಕಳು ಈ ಲೆಕ್ಕದ ಜರಡಿಯಲ್ಲೇ ಸೋರಿಹೋದರು. ಮುಂದೆ 2020ರ ಕಾರ್ಮಿಕ ಸಂಹಿತೆ ಈ ಕಾಯ್ದೆಯನ್ನೂ ತನ್ನೊಳಗೆ ಸೇರಿಸಿಕೊಂಡಿತು. ಅಂಕಿ ಎಣಿಸುವವರ ಕೈಯಲ್ಲಿ ನಮ್ಮ ಮಕ್ಕಳ ಅಕ್ಷರ ಇತ್ತು ಅನ್ನುವುದನ್ನು ನೆನಪಿಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಯಂತ್ರ ಈ ಗುಡ್ಡಗಳಿಗೆ ಬರಲೇ ಇಲ್ಲವೆ? ಬಂತು, ದೊಡ್ಡದಾಗಿಯೇ ಬಂತು. ಕುದುರೆಮುಖದಲ್ಲಿ 1976ರಲ್ಲಿ ಕಂಪನಿ ಹುಟ್ಟಿತು. ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಕಡಲಿಗೆ ಹರಿಸಿದರು. 2005ರ ಕೊನೆಗೆ ಗಣಿ ನಿಂತಿತು. ಕಳಸದ ಬೆಟ್ಟದ ಮಣ್ಣಿಗೆ ಕಡಲಿನವರೆಗೆ ದಾರಿ ಸಿಕ್ಕಿತು. ಅದೇ ಕಳಸದಲ್ಲಿ ಮಳೆಗಾಲಕ್ಕೆ ಭದ್ರಾ ಹೊಳೆ ಏರಿ ಹೆಬ್ಬಾಳೆ ಸೇತುವೆ ಮುಳುಗಿದರೆ ಆಚೆಯ ಮಗುವಿಗೆ ಶಾಲೆಗೆ ದಾರಿ ಇಲ್ಲ. ಯಾವುದಕ್ಕೆ ದಾರಿ ಮಾಡಬೇಕು ಅಂತ ವ್ಯವಸ್ಥೆ ಮನಸ್ಸು ಮಾಡುತ್ತದೋ ಅದಕ್ಕೆ ದಾರಿ ಆಗುತ್ತದೆ.

ಶಾಲೆಗೆ ಯಂತ್ರ ಬಂದ ಕಥೆಯೂ ಇದರ ತಮ್ಮನೇ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ದೇಶದ 2400 ಹಳ್ಳಿಗಳು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಶಿಕ್ಷಕರಿಗೂ ಅದರಲ್ಲಿ ತರಬೇತಿ ಇತ್ತು. ವರ್ಷ ಮುಗಿಯಿತು, ಪ್ರಯೋಗವೂ ಮುಗಿಯಿತು. 1984ರಲ್ಲಿ ದೆಹಲಿಯವರು ಆಯ್ದ ಶಾಲೆಗಳಿಗೆ ವಿಲಾಯತಿ ಕಂಪ್ಯೂಟರು ಕೊಡುವ ಯೋಜನೆ ಶುರು ಮಾಡಿದರು. ಅದಾಗಿ ಮೂರು ವರ್ಷಕ್ಕೆ, 1987ರಲ್ಲಿ, ಅದೇ ದೆಹಲಿ ಕಪ್ಪುಹಲಗೆ ಕಾರ್ಯಾಚರಣೆ ಅನ್ನುವ ಇನ್ನೊಂದು ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಒಂದಿಷ್ಟು ಪಾಠೋಪಕರಣ. ಸ್ವಾತಂತ್ರ್ಯ ಬಂದು ನಲವತ್ತು ವರ್ಷಕ್ಕೆ ಕಪ್ಪುಹಲಗೆಯ ಮಾತು! 1986ರ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಬಂತು. ನಾವು ಡಯಟ್ ಅನ್ನುತ್ತೇವಲ್ಲ, ಅದು. ಚಿಕ್ಕಮಗಳೂರಿಗೂ ಒಂದು.

2001ರಲ್ಲಿ ಕರ್ನಾಟಕ ಸರ್ಕಾರ ಮಾಹಿತಿ ಸಿಂಧು ಹೆಸರಿನಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಖಾಸಗಿ ಕಂಪನಿಗಳಿಗೆ ಗುತ್ತಿಗೆ. ಕಂಪನಿಯ ಯಂತ್ರ, ಕಂಪನಿಯವರೇ ಕಳಿಸಿದ ಕಡಿಮೆ ಸಂಬಳದ ಹುಡುಗರು. ಶಾಲೆಯ ಮೇಷ್ಟ್ರು ಹೊರಗಿನವರಾದರು. ಗುತ್ತಿಗೆ ಮುಗಿಯುತ್ತಲೂ ಹುಡುಗರು ಹೋದರು, ಕೋಣೆಗೆ ಬೀಗ ಬಿತ್ತು. ಅದೇ 2001ರಲ್ಲಿ ಕೇರಳದವರು ಬೇರೆ ದಾರಿ ಹಿಡಿದರು. ಗಣಿತ, ಭಾಷೆ, ವಿಜ್ಞಾನ ಹೇಳುವ ಶಿಕ್ಷಕರಿಗೇ ಕಂಪ್ಯೂಟರು ಕಲಿಸಿದರು. ಮುಂದೆ ಕಂಪನಿಯ ತಂತ್ರಾಂಶ ಬಿಟ್ಟು ಯಾರು ಬೇಕಾದರೂ ಹಂಚಿಕೊಂಡು ತಿದ್ದಬಹುದಾದ ಮುಕ್ತ ತಂತ್ರಾಂಶ ಬಳಸಿದರು. ವಯನಾಡೂ ನಮ್ಮ ಹಾಗೇ ಕಾಫಿಯ ಗುಡ್ಡ, ಅಲ್ಲೂ ಕೂಲಿಯವರೇ, ಆದಿವಾಸಿಗಳೇ. ಬೆಟ್ಟ ಒಂದೇ, ಮಳೆ ಒಂದೇ. ಮೇಷ್ಟ್ರನ್ನು ನಂಬುವುದೋ ಗುತ್ತಿಗೆದಾರನನ್ನು ನಂಬುವುದೋ ಅನ್ನುವಲ್ಲಿ ಮಾತ್ರ ವ್ಯತ್ಯಾಸ.

ಕರ್ನಾಟಕಕ್ಕೂ ಆ ಬುದ್ಧಿ ಬರಲು ಹತ್ತು ವರ್ಷ ಹಿಡಿಯಿತು. ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ಶಿಕ್ಷಕರು ಮುಕ್ತ ತಂತ್ರಾಂಶದಲ್ಲಿ ತಾವೇ ಪಾಠ ಬರೆದು ಒಬ್ಬರಿಗೊಬ್ಬರು ಹಂಚಿಕೊಳ್ಳಲು ಕಲಿತರು. 2016ರಿಂದೀಚೆಗೆ ಟಾಲ್ಪ್ ಎಂಬ ತರಬೇತಿ ಬಂತು. ಗಣಿತದವರು ತ್ರಿಕೋನವನ್ನು ಪರದೆಯ ಮೇಲೆ ಎಳೆದು ಹಿಗ್ಗಿಸಿ ಕುಗ್ಗಿಸಿ ತೋರಿಸುವುದು, ಸಮಾಜದವರು ನಕ್ಷೆ ಮಾಡುವುದು, ಎಲ್ಲರೂ ಕನ್ನಡದಲ್ಲಿ ಬೆರಳಚ್ಚು ಮಾಡುವುದು.

ಈ ಬೆರಳಚ್ಚಿನ ಮಾತನ್ನು ಸ್ವಲ್ಪ ನಿಂತು ಹೇಳಬೇಕು. ತರಬೇತಿಗೆ ಬಂದ ಹಳ್ಳಿ ಹುಡುಗಿ ಕೀಲಿಮಣೆ ಕಂಡರೆ ಹಿಂದೆ ಸರಿಯುತ್ತಾಳೆ. ಮೇಲೆ ಇರುವುದೆಲ್ಲ ಇಂಗ್ಲಿಷ್ ಅಕ್ಷರ. 'ನಂಗೆ ಇಂಗ್ಲಿಷ್ ಬರಲ್ಲ ಮೇಡಂ' ಅಂತ ಮೊದಲೇ ಕೈ ಕಟ್ಟಿಕೊಳ್ಳುತ್ತಾಳೆ. ಆಗ ಕೆ.ಪಿ. ರಾವ್ ರೂಪಿಸಿದ ಕನ್ನಡದ ವಿನ್ಯಾಸವನ್ನು ತೋರಿಸಬೇಕು. 'ಕೆ' ಒತ್ತಿದರೆ ಕ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ನಾಲ್ಕು ಸಲ ಬೆರಳು ಊರಿದರೆ 'ಅಕ್ಕ' ಬರುತ್ತದೆ. ಅಲ್ಲಿಂದ ಮುಂದೆ ಹೆದರಿಕೆ ಇಲ್ಲ.

ಆದರೆ ಇನ್ನೊಂದು ತೊಡಕು ಕಾದಿರುತ್ತದೆ. ಒಂದು ಕಡೆ ಕೂತು ಬರೆದ ಪ್ರಶ್ನೆಪತ್ರಿಕೆಯನ್ನು ಇನ್ನೊಂದು ಶಾಲೆಯ ಯಂತ್ರದಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಅಡ್ಡಾದಿಡ್ಡಿ ಗುರುತುಗಳು. ಯಾಕೆ? ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಗಳು ಯಂತ್ರದೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಆ ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ನಮ್ಮ ಲೈನು ಮನೆಯ ಹಾಗೆ. ಸಾಹುಕಾರರ ಕೆಲಸ ಇರುವ ತನಕ ಸೂರು, ಕೆಲಸ ಬಿಟ್ಟರೆ ಪಾತ್ರೆ ಪಡಗ ಹೊರಗೆ. ಯೂನಿಕೋಡ್ ಮಾಡಿದ್ದು ಇಷ್ಟೇ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಒಂದು ಸಂಖ್ಯೆ, ಲೋಕದ ಎಲ್ಲ ಯಂತ್ರಗಳೂ ಒಪ್ಪಬೇಕಾದ ಸಂಖ್ಯೆ. ಅಕ್ಷರಕ್ಕೆ ಹಕ್ಕುಪತ್ರ ಸಿಕ್ಕಿತು ಅಂತ ಹೇಳಿ ನೋಡಿ, ಲೈನಿನ ಮಗುವಿಗೆ ತಟ್ಟನೆ ಅರ್ಥವಾಗುತ್ತದೆ. ಈ ಕಾಲದಲ್ಲಿ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಗಟ್ಟಿಯಾಗಿ ಜಗಳವಾಡಿದವರಲ್ಲಿ ಒಬ್ಬರು ನಮ್ಮ ಮೂಡಿಗೆರೆಯಲ್ಲೇ ಇದ್ದರು, ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ತೀರಿಕೊಂಡರು. ಅವರೂ ತೋಟದ ಮಾಲೀಕರೇ. ಆದರೆ ಕನ್ನಡ ಬಲ್ಲ ಹಳ್ಳಿಯವನಿಗೆ ಯಂತ್ರ ದಕ್ಕದಿದ್ದರೆ ಕನ್ನಡಕ್ಕೇ ಉಳಿಗಾಲವಿಲ್ಲ ಅನ್ನುವುದನ್ನು ಅವರು ಬೇಗ ಕಂಡರು. ಆ ಋಣವನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲ ಬೆತ್ತಲಾಯಿತು. ಪಾಠ ಫೋನಿನಲ್ಲಿ, ಚಂದನ ಟಿ.ವಿ.ಯಲ್ಲಿ. ದೇಶದ ಹಳ್ಳಿಗಳಲ್ಲಿ ಕಂಪ್ಯೂಟರು ಇದ್ದ ಮನೆಗಳು ನೂರಕ್ಕೆ 4.4, ಇಂಟರ್ನೆಟ್ಟು ಸಿಗುತ್ತಿದ್ದ ಮನೆಗಳು ನೂರಕ್ಕೆ 14.9 ಎಂದು 2017-18ರ ಸರ್ಕಾರಿ ಸಮೀಕ್ಷೆಯೇ ಹೇಳಿತ್ತು. ಗೊತ್ತಿದ್ದೂ ಹೀಗೆ ಮಾಡಿದರು. ಮಲೆನಾಡಿನ ಮಕ್ಕಳು ಸಿಗ್ನಲ್ಲು ಹುಡುಕಿಕೊಂಡು ಗುಡ್ಡ ಹತ್ತಿದರು. ಘಟ್ಟದ ಕೆಳಗೆ ಸುಳ್ಯ ತಾಲ್ಲೂಕಿನಲ್ಲಿ 2021ರ ಮಳೆಯಲ್ಲಿ ರಸ್ತೆ ಬದಿ ಕೂತು ಓದುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದರು. ಅದನ್ನು ತಂದೆಯ ಪ್ರೀತಿ ಅಂತ ಹೊಗಳಿದರು. ಸರ್ಕಾರದ ನಾಚಿಕೆಗೇಡು ಅಂತ ಕರೆದವರು ಕಡಿಮೆ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ನಡೆದರು, ಮರದ ಬುಡ, ಗುಡಿಯ ಜಗಲಿ, ಸಮುದಾಯ ಭವನ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಆದರೂ ಒಂದು ಪಾಠ ಉಳಿಯಿತು. ತಂತಿ ಹೋಗದ ಕಡೆ ಮೇಷ್ಟ್ರ ಕಾಲು ಹೋಗಬಲ್ಲದು. ಗುಡಿಯ ಜಗಲಿ ಮೇಲೆ ಯಾರ ಮಕ್ಕಳನ್ನು ಹತ್ತಿಸಬಹುದು ಅನ್ನುವ ಹಳೆಯ ಪ್ರಶ್ನೆ ಜೊತೆಗೇ ಎದ್ದು ಕೂರಬಲ್ಲದು ಅನ್ನುವುದನ್ನೂ ಬಲ್ಲವರು ಬಲ್ಲರು.

ಈಗ ಮೊದಲು ಹೇಳಿದ ಅಂಕಿಯ ಮಾತಿಗೆ ಬರೋಣ. ಇವತ್ತು ಹೊಸ ಶಿಕ್ಷಕ ಕಲಿಯುವ ಡಿಜಿಟಲ್ ಕೆಲಸ ಯಾವುದು? ಪಾಠಕ್ಕಿಂತ ಹೆಚ್ಚಾಗಿ ತುಂಬುವುದು. ಸ್ಯಾಟ್ಸ್‌ನಲ್ಲಿ ಮಗುವಿನ ಸಂಖ್ಯೆ, ಜಾತಿ, ಆಧಾರ್, ಹಾಜರಿ, ಅಂಕ. ಬಿಸಿಯೂಟದ ಲೆಕ್ಕ. ತರಬೇತಿ ಮುಗಿಸಿದ ಪ್ರಮಾಣ ಪತ್ರ ದೀಕ್ಷಾದಲ್ಲಿ. ಬೇಡ ಅನ್ನುತ್ತಿಲ್ಲ. ವಿದ್ಯಾರ್ಥಿವೇತನ ಬರುವುದು ಅದರಿಂದಲೇ. ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಕುಯ್ಲಿಗೆ ಬಂದವರ ಮಗು ಊರು ಬಿಟ್ಟರೂ ಕಳೆದುಹೋಗದಂತೆ ಹಿಡಿಯಲು ಅದು ಉಪಯೋಗಕ್ಕೆ ಬರಬಹುದು. ಆದರೆ ಮೇಲಿನವರು ಕೇಳಿದ್ದನ್ನು ತುಂಬಿ ಮೇಲಕ್ಕೆ ಕಳಿಸುವುದಷ್ಟೇ ಆದರೆ ಮೇಷ್ಟ್ರಿಗೂ ತೋಟದ ರೈಟರಿಗೂ ಏನು ವ್ಯತ್ಯಾಸ? ಚೆಕ್‌ರೋಲು ಪರದೆಯ ಮೇಲೆ ಬಂತು ಅಷ್ಟೇ. ಅಂದು 25 ಮಕ್ಕಳಿಲ್ಲ ಅಂತ ಶಾಲೆ ಕೊಡದೆ ಇದ್ದವರು ಇಂದು ಅದೇ ಪರದೆ ನೋಡಿ ಮಕ್ಕಳು ಕಡಿಮೆ ಅಂತ ಇದ್ದ ಶಾಲೆಯನ್ನು ಇನ್ನೊಂದಕ್ಕೆ ಸೇರಿಸುವ ಮಾತಾಡುತ್ತಾರೆ. ನಾವೇ ತುಂಬಿದ ಅಂಕಿ ನಮ್ಮ ಮಕ್ಕಳ ಮೇಲೆ ಬೀಳುತ್ತದೆ.

2014ರಲ್ಲಿ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ ಮಾಹಿತಿ ತಂತ್ರಜ್ಞಾನದ ವಿಮರ್ಶಾತ್ಮಕ ತಿಳುವಳಿಕೆ ಎಂಬ ವಿಷಯ ಇಟ್ಟಿತು. ಹೆಸರು ದೊಡ್ಡದು. ಹೆಚ್ಚಿನ ಕಡೆ ವಿಮರ್ಶೆ ಬಿಟ್ಟು ಮೌಸು ಹಿಡಿಯುವುದನ್ನಷ್ಟೇ ಕಲಿಸಿ ಕೈ ತೊಳೆದುಕೊಳ್ಳುತ್ತಾರೆ. ಗೆಳೆಯರೆ, ಆ ಬಿಟ್ಟ ಶಬ್ದವನ್ನು ನಾವು ಹಿಡಿದುಕೊಳ್ಳಬೇಕು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ನಿಂತ ಸಾವಿತ್ರಿಬಾಯಿ ಫುಲೆಯೂ ತರಬೇತಿ ಪಡೆದೇ ಶಿಕ್ಷಕಿಯಾದವರು. ಸೆಗಣಿ, ಕೆಸರು ಎರಚುವವರಿದ್ದಾರೆಂದು ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ತರಬೇತಿ ಅಂದರೆ ಬಗ್ಗುವುದನ್ನು ಕಲಿಯುವುದು ಅಂತ ಅವರು ತಿಳಿದಿರಲಿಲ್ಲ.

ಡಯಟ್‌ನಲ್ಲಿ, ಕಾಲೇಜಿನಲ್ಲಿ ಈಗ ಕಲಿಯುತ್ತಿರುವ ತಂಗಿ ತಮ್ಮಂದಿರಿಗೆ ನನ್ನ ಕೋರಿಕೆ ಇಷ್ಟು. ನಕ್ಷೆ ಮಾಡುವುದನ್ನು ಕಲಿಸಿದರೆ ಭಾರತದ ನಕ್ಷೆ ಮಾಡಿ ಸುಮ್ಮನಾಗಬೇಡಿ, ನಿಮ್ಮ ಹೋಬಳಿಯ ಲೈನುಗಳನ್ನೂ ಅಲ್ಲಿಂದ ಶಾಲೆಗೆ ಇರುವ ದೂರವನ್ನೂ ಗುರುತಿಸಿ. ಲೆಕ್ಕದ ಹಾಳೆ ಕಲಿಸಿದರೆ ಕುಯ್ಲಿನ ತಿಂಗಳುಗಳಲ್ಲಿ ಎಷ್ಟು ಮಕ್ಕಳು ಗೈರು ಅನ್ನುವುದನ್ನು ಬರೆದಿಡಿ. ಕೇಳುವ ದಿನ ಬಂದಾಗ ಅದನ್ನು ಪಂಚಾಯಿತಿಯ ಮುಂದೆ ಇಡಿ. ಧ್ವನಿ ಹಿಡಿಯುವುದನ್ನು ಕಲಿಸಿದರೆ ಲೈನಿನ ಹಿರಿಯರ ಮಾತು ಹಿಡಿಯಿರಿ, ತುಳುವಿನಲ್ಲಿದ್ದರೆ ತುಳು, ತಮಿಳಾದರೆ ತಮಿಳು. ಮುಂಗಡ ಎಷ್ಟು, ಮೇಸ್ತ್ರಿ ಯಾರು, ಯಾವ ವರ್ಷ ಮೊದಲ ಸಲ ಲೈನಿಗೆ ದೀಪ ಬಂತು, ಮೊದಲು ಶಾಲೆಗೆ ಹೋದ ಮಗು ಯಾರದು. ಹೇಳಿದವರ ಒಪ್ಪಿಗೆ ಕೇಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಪ್ಪಿದ್ದರೆ ಅವರ ಎದುರೇ ತಿದ್ದಿ. ಚೆಕ್‌ರೋಲನ್ನು ಯಾರೂ ನಮ್ಮವರಿಗೆ ಓದಿ ಹೇಳಿರಲಿಲ್ಲ.