‘ಬರ್ಡ್ಸ್ ಆಫ್ ಫೈರ್’: ಐವರ ನಾದ, ಒಬ್ಬರ ಕರ್ತೃತ್ವ

ಮಹಾವಿಷ್ಣು ಆರ್ಕೆಸ್ಟ್ರಾದ ಎರಡನೆಯ ಆಲ್ಬಂ ‘ಬರ್ಡ್ಸ್ ಆಫ್ ಫೈರ್’ (1973) ಕುರಿತ ಚರ್ಚೆಗಳಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ವೇಗ, ಶ್ರೀ ಚಿನ್ಮಯ್ ಅವರಲ್ಲಿದ್ದ ಶಿಷ್ಯಭಾವ, ಭಾರತೀಯ ಲಯದ ಪ್ರಭಾವ ಇವೇ ಮುನ್ನೆಲೆಗೆ ಬರುತ್ತವೆ. ಹತ್ತೂ ರಚನೆಗಳಿಗೆ ಮೆಕ್‌ಲಾಫ್ಲಿನ್ ಅವರೊಬ್ಬರದೇ ಹೆಸರಿದೆ. ಆದರೆ ಕಿವಿಗೊಟ್ಟು ಕೇಳಿದರೆ ಕರ್ತೃತ್ವದ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ.

ಮೊದಲ ಆಲ್ಬಂ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’ 1971ರಲ್ಲಿ, ತಂಡ ಕೂಡಿದ ವರ್ಷವೇ ಸಿದ್ಧವಾಗಿತ್ತು. ಎರಡನೆಯದರ ಮುದ್ರಣ 1972ರಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೊ ಮತ್ತು ನ್ಯೂಯಾರ್ಕ್‌ನಲ್ಲಿ ನಡೆಯಿತು. ಧ್ವನಿ ತಂತ್ರಜ್ಞ ಕೆನ್ ಸ್ಕಾಟ್. ಈ ನಡುವಿನ ಕಛೇರಿಗಳು ಐವರ ಕೈಯನ್ನೂ ಪಳಗಿಸಿದ್ದವು. ಯಾನ್ ಹ್ಯಾಮರ್ ಅವರಿಗೆ ಈಗ ಎಲೆಕ್ಟ್ರಿಕ್ ಪಿಯಾನೊ ಜೊತೆ ಮಿನಿಮೂಗ್ ಸಿಂಥಸೈಜರ್ ಕೂಡ ದಕ್ಕಿತ್ತು. ಸ್ವರವನ್ನು ಜಾರಿಸಲು ಅದರಲ್ಲೊಂದು ಚಕ್ರವಿದೆ. ಕೀಲಿಮಣೆಗೆ ಸಹಜವಾಗಿ ಒದಗದ ಗಮಕದಂಥ ಎಳೆತ ಅದರಿಂದ ಸಾಧ್ಯವಾಯಿತು. ಎಷ್ಟೋ ಕಡೆ ಗಿಟಾರ್ ಯಾವುದು, ಮೂಗ್ ಯಾವುದು ಎಂದು ತಟ್ಟನೆ ಗುರುತಿಸಲಾಗದು.

‘ಒನ್ ವರ್ಡ್’ ಇಲ್ಲಿ ಮುಖ್ಯ ಸಾಕ್ಷ್ಯ. ಬಿಲ್ಲಿ ಕಾಬ್ಹಮ್ ಅವರ ಡ್ರಮ್ ಮೊರೆತದಿಂದ ಆರಂಭವಾಗುವ ಈ ರಚನೆಯಲ್ಲಿ ರಿಕ್ ಲೇರ್ಡ್ ಅವರ ಬಾಸ್ ನೆಲೆಗಟ್ಟಾಗುತ್ತದೆ. ಅದರ ಮೇಲೆ ಗಿಟಾರ್, ಮೂಗ್ ಮತ್ತು ಜೆರ್ರಿ ಗುಡ್‌ಮನ್ ಅವರ ಪಿಟೀಲು ಸರದಿಯಂತೆ ನುಡಿಯುತ್ತ, ಬರಬರುತ್ತ ಸರದಿಯ ಅಳತೆ ಕಿರಿದಾಗುತ್ತದೆ. ನಮ್ಮ ತನಿ ಆವರ್ತನದಲ್ಲಿ ಮೃದಂಗ, ಘಟಗಳು ಮಾಡುವುದೂ ಇದನ್ನೇ. ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತವರು ನಿಜ. ಆದರೂ ಸಾಮ್ಯವನ್ನು ಹಿಗ್ಗಿಸಬಾರದು: ಶೀರ್ಷಿಕೆ ರಚನೆಯ 18 ಎಣಿಕೆಯಾಗಲಿ, ‘ಸೆಲೆಸ್ಟಿಯಲ್ ಟೆರೆಸ್ಟ್ರಿಯಲ್ ಕಮ್ಯೂಟರ್ಸ್’ನ 19 ಎಣಿಕೆಯಾಗಲಿ ಕೈಯಲ್ಲಿ ಹಾಕುವ ತಾಳವಲ್ಲ, ಮರುಕಳಿಸುವ ರಾಕ್ ಪಲ್ಲವಿ. ಹಾಗಾದರೆ ‘ಒನ್ ವರ್ಡ್’ನ ಆ ಸರದಿಗಳಲ್ಲಿ ಮೂವರೂ ಆಗಿಂದಾಗ ಹುಟ್ಟಿಸಿದ್ದು ಯಾವ ಹೆಸರಿನಡಿ ದಾಖಲಾಗಬೇಕು?

ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೇರಿತು. ವಾದ್ಯಸಂಗೀತಕ್ಕೆ ಇದು ಸಣ್ಣ ಮಾತಲ್ಲ. ಕರ್ತೃತ್ವದ ಬಗ್ಗೆ ತಂಡದೊಳಗಿದ್ದ ಅಸಮಾಧಾನ ಮಾತ್ರ ಕರಗಲಿಲ್ಲ. 1973ರ ಜೂನ್‌ನಲ್ಲಿ ಅದೇ ಟ್ರೈಡೆಂಟ್‌ನಲ್ಲಿ ಮುದ್ರಿಸಿದ ಮೂರನೆಯ ಆಲ್ಬಂಗೆ ಹ್ಯಾಮರ್, ಗುಡ್‌ಮನ್, ಲೇರ್ಡ್ ತಲಾ ಒಂದು ರಚನೆ ಕೊಟ್ಟರು. ಅದು ಆಗ ಹೊರಬರಲೇ ಇಲ್ಲ. ಆ ವರ್ಷಾಂತ್ಯಕ್ಕೆ ತಂಡವೂ ಒಡೆಯಿತು. ಆ ಮುದ್ರಣ ಕೇಳುಗರ ಕೈಸೇರಿದ್ದು 1999ರಲ್ಲಿ.